ಉಪ್ಪುನೀರಿನ ಮೀನುಗಳಿಗೆ ಕಡಲಪಾಚಿಯನ್ನು ಆರಿಸುವ ಬಗೆ

ಹಳದಿ ಟ್ಯಾಂಗ್, ಸೈಲ್‌ಫಿನ್ ಟ್ಯಾಂಗ್, ಫಾಕ್ಸ್‌ಫೇಸ್ ಮುಂತಾದ ಮೀನುಗಳು ಹವಳದ ದಿಬ್ಬಗಳಲ್ಲಿ ಹಗಲೆಲ್ಲ ಪಾಚಿಯನ್ನು ಮೇಯುತ್ತವೆ. ಆದ್ದರಿಂದ ಅಕ್ವೇರಿಯಂನಲ್ಲಿಯೂ ಅವುಗಳಿಗೆ ಸೀಗಡಿಯಂಥ ಮಾಂಸಾಹಾರವೊಂದೇ ಸಾಲದು.

ಸುಲಭವಾಗಿ ಸಿಗುವುದು ನೋರಿ, ಅಂದರೆ ಸುಶಿ ಸುತ್ತಲು ಬಳಸುವ ಕೆಂಪುಪಾಚಿಯ ಒಣ ಹಾಳೆ. ಇದನ್ನು ಕೊಳ್ಳುವಾಗ ಪೊಟ್ಟಣದ ಮೇಲೆ ಮೀನಿನ ಚಿತ್ರವಿದೆಯೇ ಎಂಬುದಕ್ಕಿಂತ ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ಏನಿದೆ ಎಂಬುದೇ ಮುಖ್ಯ. ಅಲ್ಲಿ ಕಡಲಪಾಚಿಯೊಂದೇ ಇದ್ದರೆ, ಅಡುಗೆಗೆಂದು ಮಾರುವ ಹಾಳೆಯನ್ನೂ ನಿಶ್ಚಿಂತೆಯಿಂದ ಕೊಡಬಹುದು. ಹುರಿದದ್ದಾದರೂ ತೊಂದರೆಯಿಲ್ಲ. ಆದರೆ ತಿಂಡಿಯಾಗಿ ಮಾರುವ ಕೊರಿಯನ್ ಹಾಳೆಗಳಿಗೆ ಸಾಮಾನ್ಯವಾಗಿ ಎಳ್ಳೆಣ್ಣೆ, ಉಪ್ಪು, ಕೆಲವೊಮ್ಮೆ ಸಕ್ಕರೆ, ರುಚಿವರ್ಧಕಗಳನ್ನೂ ಸವರಿರುತ್ತಾರೆ. ಅವುಗಳ ಉಪ್ಪಿಗಿಂತ ಎಣ್ಣೆಯೇ ದೊಡ್ಡ ಕಾಟ, ಏಕೆಂದರೆ ಅದು ನೀರಿನ ಮೇಲೆ ಪದರವಾಗಿ ನಿಲ್ಲುತ್ತದೆ. ಜಪಾನೀ ಸೂಪಿಗೆ ಬಳಸುವ, ‘ಕೊಂಬು’ (kombu) ಎಂಬ ಹೆಸರಿನ ದಪ್ಪ ಕಂದುಪಾಚಿಯನ್ನು ನಾನು ಮೊದಲ ಆಯ್ಕೆಯಾಗಿ ಸೂಚಿಸುವುದಿಲ್ಲ. ಅದು ನೆನೆದಾಗ ಲೋಳೆ ಬಿಡುತ್ತದೆ, ಅಯೋಡಿನ್ ಕೂಡ ಅದರಲ್ಲಿ ಬಹಳ.

ತಾಜಾ ಪಾಚಿ ಸಿಕ್ಕರೆ ಗ್ರಾಸಿಲೇರಿಯ ಎಂಬ ಕೆಂಪುಪಾಚಿ ಮತ್ತು ಅಲ್ವಾ ಎಂಬ ಹಸಿರುಪಾಚಿ ಉತ್ತಮ. ಕರಾವಳಿಯ ಬಂಡೆಗಳ ಮೇಲೆ ಎಲೆಯಂತೆ ಹಸಿರಾಗಿ ಬೆಳೆಯುವ ಅಲ್ವಾ ಕೊಳಚೆ ನೀರು ಸೇರುವ ಕಡೆ ಇನ್ನೂ ಸೊಂಪಾಗಿ ಹಬ್ಬುವುದರಿಂದ, ಅದರ ಸೊಂಪನ್ನು ಶುದ್ಧಿಯ ಗುರುತೆಂದು ನಂಬಬಾರದು. ಮೀನುಗಾರಿಕಾ ಬಂದರು, ಅಳಿವೆ, ಚರಂಡಿಗಳಿಂದ ದೂರದಲ್ಲಿ ಆಯ್ದು, ಸಿಹಿನೀರಿನಲ್ಲಿ ಚೆನ್ನಾಗಿ ಜಾಲಾಡಿದ ಮೇಲೆಯೇ ಕೊಡಬೇಕು. ಕಾಲರ್ಪಾ ಎಂಬ ಇನ್ನೊಂದು ಹಸಿರುಪಾಚಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು: ಅದರ ಕೆಲವು ಜಾತಿಗಳಲ್ಲಿ ವಿಷವಸ್ತುಗಳಿವೆ, ತುಂಡೊಂದು ಉಳಿದರೂ ಮತ್ತೆ ಚಿಗುರುತ್ತದೆ. 1984ರಲ್ಲಿ ಮೊನಾಕೊ ಬಳಿ ಕಾಣಿಸಿಕೊಂಡ ಇದರ ಅಕ್ವೇರಿಯಂ ತಳಿ ಮೆಡಿಟರೇನಿಯನ್ ತೀರದಲ್ಲಿ ದೂರದೂರಕ್ಕೆ ಹಬ್ಬಿತು. ಉಳಿದ ಪಾಚಿಯನ್ನು ಚರಂಡಿಗಾಗಲಿ ಸಮುದ್ರಕ್ಕಾಗಲಿ ಎಸೆಯದೆ ಒಣಗಿಸಿ ಕಸಕ್ಕೆ ಹಾಕಬೇಕು.

ಮೊದಲ ದಿನಗಳಲ್ಲಿ ಮೀನಿನ ಗಾತ್ರದಷ್ಟು ತುಂಡೊಂದನ್ನು ತೊಟ್ಟಿಯ ಗಾಜಿಗೆ ಅಂಟಿಸುವ ಕ್ಲಿಪ್ಪಿಗೆ ಸಿಕ್ಕಿಸಿ, ಕೆಲವು ಗಂಟೆಗಳ ನಂತರ ಮಿಕ್ಕಿದ್ದನ್ನು ತೆಗೆಯಬೇಕು. ಕೊಳೆತ ಪಾಚಿ ನೀರಿನಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟ್‌ಗಳನ್ನು ಏರಿಸುತ್ತದೆ. ಕ್ಲಿಪ್ಪನ್ನು ಕಂಡರೆ ಬೆದರುವ ಹೊಸ ಮೀನಿಗೆ, ಹಾಳೆಯನ್ನು ಸಣ್ಣ ಕಲ್ಲಿಗೆ ರಬ್ಬರ್ ಬ್ಯಾಂಡಿನಿಂದ ಸುತ್ತಿ ತಳದಲ್ಲಿಡುವುದು ಒಳ್ಳೆಯದು. ಬಂಡೆಯಿಂದ ಮೇಯುವುದು ಅದಕ್ಕೆ ಹುಟ್ಟಿನಿಂದಲೇ ಬಂದ ಅಭ್ಯಾಸ.