ಕಾರಿನೊಂದಿಗೆ ಬಂದ ಎರಡು ಗೋಣಿ ಪತ್ರಿಕೆಗಳು

ಕದ್ರಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ 1951ರ ಎಂಜಿ ಟಿಡಿ ಕಾರೊಂದು ನಿಂತಿದೆ. ಹದಿನಾಲ್ಕು ವರ್ಷಗಳ ಹಿಂದೆ ಇದನ್ನು ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಯೊಂದರಿಂದ ಕೊಂಡು, ಲಾರಿಗೆ ಹಗ್ಗ ಬಿಗಿದು, ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿಗೆ ತಂದೆ. ಹಣದ ಲೆಕ್ಕ ಮುಗಿಸಿ ಹೊರಡುವ ಹೊತ್ತಿಗೆ ಆ ಮನೆಯ ಹಿರಿಯಮ್ಮ ಜಗಲಿಯ ಮೂಲೆಯಲ್ಲಿದ್ದ ಎರಡು ಗೋಣಿ ಚೀಲಗಳನ್ನು ತೋರಿಸಿ, "ಇವನ್ನೂ ತಗೊಂಡು ಹೋಗಿ, ನಮ್ಮ ಯಜಮಾನ್ರು ಓದ್ತಿದ್ದದ್ದು. ಇಲ್ಲಿದ್ರೆ ಗುಜರಿಗೇ ಹೋಗೋದು" ಎಂದರು. ಒಳಗಿದ್ದವು 1950ರ ದಶಕದಿಂದ 1990ರ ದಶಕದವರೆಗಿನ ಇಂಗ್ಲಿಷ್ ಕಾರು ಪತ್ರಿಕೆಗಳು. ಅಂದು ಅದು ಹೆಚ್ಚುವರಿ ಹೊರೆಯೆಂದೇ ಅನ್ನಿಸಿತ್ತು. ಕಾರು ಇಂದು ಓಡುತ್ತಿರುವುದರಲ್ಲಿ ಆ ಗೋಣಿಗಳ ಪಾಲು ದೊಡ್ಡದು. ಆದರೆ ಅವುಗಳೊಳಗಿನ ಎಲ್ಲ ಪತ್ರಿಕೆಗಳ ಪಾಲೂ ಅಲ್ಲ.

ಟಿಡಿಯನ್ನು ನೋಡದವರಿಗಾಗಿ ಎರಡು ಮಾತು. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1949ರ ಕೊನೆಯಿಂದ 1953ರವರೆಗೆ ತಯಾರಾದ, ಇಬ್ಬರು ಕೂರುವ, ಬಟ್ಟೆಯ ಹುಡ್ಡಿನ ಕಾರು ಇದು. ಒಟ್ಟು 29,664 ಕಾರುಗಳು ಹೊರಬಂದವು, ಬಹುಪಾಲು ಅಮೆರಿಕಕ್ಕೆ ಹೋದವು. 1250 ಸಿಸಿ ಎಂಜಿನ್ನಿನ ಶಕ್ತಿ 54 ಅಶ್ವಶಕ್ತಿ, ಅಂದರೆ ಇಂದಿನ ಸಾಧಾರಣ ಸಣ್ಣ ಕಾರಿಗಿಂತಲೂ ಕಡಿಮೆ. ಇದಕ್ಕೂ ಹಿಂದಿನ ಟಿಸಿ ಮಾದರಿಗೆ 19 ಇಂಚಿನ ತಂತಿ ಚಕ್ರಗಳಿದ್ದರೆ ಟಿಡಿಗೆ ಬಂದದ್ದು 15 ಇಂಚಿನ ಉಕ್ಕಿನ ಡಿಸ್ಕ್ ಚಕ್ರಗಳು. ಮಡಿವಂತ ಅಭಿಮಾನಿಗಳು ಈ ಬದಲಾವಣೆಯನ್ನು ಇನ್ನೂ ಕ್ಷಮಿಸಿದಂತಿಲ್ಲ. ನನಗಾದರೋ ಅದು ವರವೇ ಆಯಿತು, ಏಕೆಂದರೆ ಅಂಬಾಸಿಡರಿನ 5.90-15 ಟೈರು ಇದರ ರಿಮ್ಮಿಗೆ ಕೂರುತ್ತದೆ. ಅದನ್ನು ಹುಡುಕಲು ಕಡಲು ದಾಟಬೇಕಾಗಿರಲಿಲ್ಲ.

ಮೊದಲ ಮಳೆಗಾಲದಲ್ಲೇ ಪತ್ರಿಕೆಗಳು ತಾವಾಗಿಯೇ ಎರಡು ಪಾಲಾದವು. ಆಗಸ್ಟಿನಲ್ಲಿ ಗೋಣಿ ಬಿಚ್ಚಿ ನೋಡಿದರೆ, ನುಣುಪಾದ ಆರ್ಟ್ ಕಾಗದದಲ್ಲಿ ಅಚ್ಚಾದ ಬಣ್ಣದ ಸಂಚಿಕೆಗಳ ಪುಟಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹಲಗೆಯಂತೆ ಗಟ್ಟಿಯಾಗಿದ್ದವು. ಬಿಡಿಸಹೋದರೆ ಒಂದು ಪುಟದ ಫೆರಾರಿ ಇನ್ನೊಂದು ಪುಟದ ಜಾಹೀರಾತಿಗೆ ಅಂಟಿಕೊಂಡು ಬರುತ್ತಿತ್ತು. ಒರಟು ಕಾಗದದ ಕಪ್ಪು-ಬಿಳುಪು ಸಂಚಿಕೆಗಳು ಮುಗ್ಗುಲು ವಾಸನೆ ಹಿಡಿದಿದ್ದರೂ ಬಿಸಿಲಿಗೆ ಹರಡಿದ ಮೇಲೆ ಓದಲು ಬಂದವು. ಉಳಿದವನ್ನು ಕಪಾಟಿಗೆ ಸೇರಿಸಿ, ಒಳಗೆ ಸಣ್ಣದೊಂದು ಬಲ್ಬು ಉರಿಯಲು ಬಿಟ್ಟೆ. ಹೀಗಾಗಿ ನನ್ನ ಓದು ಆರಂಭವಾದದ್ದೇ ನೋಡಲು ಅಂದವಿಲ್ಲದ ಪತ್ರಿಕೆಗಳಿಂದ. ಅದು ಆಯ್ಕೆಯಾಗಿರಲಿಲ್ಲ, ಕರಾವಳಿಯ ಹವೆಯ ಕೃಪೆ.

ಪತ್ರಿಕೆಯ ಗುಣ ಯಾವುದರಲ್ಲಿದೆ ಎಂಬುದನ್ನು ನನಗೆ ಕಲಿಸಿದ್ದು ಒಂದು ಬೋಲ್ಟ್. ವಾಟರ್ ಪಂಪ್ ಬಿಚ್ಚುವಾಗ ತುಕ್ಕು ಹಿಡಿದಿದ್ದ ಬೋಲ್ಟೊಂದು ತುಂಡಾಯಿತು. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಇರುವುದು ವಿಟ್‌ವರ್ತ್ ಇಲ್ಲವೇ ಬಿಎಸ್‌ಎಫ್ ಎಂಬ ಇಂಚಿನ ಅಳತೆಯ ಥ್ರೆಡ್ (ಬೋಲ್ಟಿನ ಮೈಮೇಲಿನ ಸುರುಳಿ ಏಣು) ಎಂದು, ಅಂಟಿಕೊಳ್ಳದೆ ಉಳಿದಿದ್ದ ಬಣ್ಣದ ಪತ್ರಿಕೆಯೊಂದು ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟಿತ್ತು. ಬೋಲ್ಟಿನ ತಲೆಗೆ ವಿಟ್‌ವರ್ತ್ ಸ್ಪ್ಯಾನರ್ ಕರಾರುವಾಕ್ಕಾಗಿ ಕೂರುತ್ತಿದ್ದುದರಿಂದ ನಾನೂ ನಂಬಿದೆ. 5/16 ಇಂಚಿನ ಬಿಎಸ್‌ಎಫ್ ಬೋಲ್ಟ್ ಒಳಗೇ ಹೋಗಲಿಲ್ಲ. ಆಗ ನನ್ನ ಮೆಕ್ಯಾನಿಕ್ ತನ್ನ ಡಬ್ಬಿಯಿಂದ ಅದೇ ಅಳತೆಯ, ಯುಎನ್‌ಎಫ್ ಎಂಬ ಇನ್ನೊಂದು ಇಂಚಿನ ಪದ್ಧತಿಯ ಬೋಲ್ಟೊಂದನ್ನು ಹುಡುಕಿ ತೆಗೆದ. ಅದು ಮೂರು ನಾಲ್ಕು ಸುತ್ತು ಬೆರಳಿನಲ್ಲೇ ಸರಾಗವಾಗಿ ತಿರುಗಿತು. ನಮ್ಮಿಬ್ಬರ ಮುಖವೂ ಅರಳಿತು. ಆಮೇಲೆ ಬಿಗಿಯಾಯಿತು. ಅವನು ಸ್ಪ್ಯಾನರಿಗೆ ಪೈಪು ತೊಡಿಸಿ ಎಳೆದ, ನಾನು ಬೇಡವೆನ್ನಲಿಲ್ಲ. ಸಣ್ಣದೊಂದು ಶಬ್ದವಾಗಿ ಬೋಲ್ಟ್ ಸಡಿಲಗೊಂಡಿತು. ಹೊರತೆಗೆದು ನೋಡಿದರೆ ಅದರ ಏಣುಗಳ ನಡುವೆ ಎರಕದ ಕಬ್ಬಿಣದ ಕರಿ ಪುಡಿ ತುಂಬಿತ್ತು. ಎಪ್ಪತ್ತು ವರ್ಷಗಳಿಗೆ ಹತ್ತಿರವಾಗಿದ್ದ ಬ್ಲಾಕಿನ ಥ್ರೆಡ್ಡನ್ನು ನಾವಿಬ್ಬರೂ ಸೇರಿ ಅರ್ಧ ನಿಮಿಷದಲ್ಲಿ ತಿಂದುಹಾಕಿದ್ದೆವು.

ಉತ್ತರ ಸಿಕ್ಕಿದ್ದು ವಾರದ ನಂತರ, ಹಳೆಯ ಸಂಚಿಕೆಯೊಂದರ ಓದುಗರ ಪತ್ರಗಳ ಅಂಕಣದಲ್ಲಿ. ಟಿಡಿಯ ಎಂಜಿನ್ ತಯಾರಾಗುತ್ತಿದ್ದದ್ದು ಕೊವೆಂಟ್ರಿಯಲ್ಲಿದ್ದ ಮಾರಿಸ್ ಎಂಜಿನ್ ಕಾರ್ಖಾನೆಯ ಪರಂಪರೆಯಲ್ಲಿ; ಆ ಕಾರ್ಖಾನೆ ಮೊದಲು ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯದಾಗಿತ್ತು, 1923ರಲ್ಲಿ ಕಾರು ತಯಾರಕ ವಿಲಿಯಂ ಮಾರಿಸ್ ಅದನ್ನು ಕೊಂಡರು. ಫ್ರೆಂಚರ ಮೆಟ್ರಿಕ್ ಥ್ರೆಡ್ಡಿನ ಪದ್ಧತಿ ಅಲ್ಲಿ ಹಾಗೆಯೇ ಮುಂದುವರಿಯಿತು. ಆದರೆ ಬ್ರಿಟಿಷ್ ಮೆಕ್ಯಾನಿಕರ ಕೈಯಲ್ಲಿದ್ದದ್ದು ವಿಟ್‌ವರ್ತ್ ಸ್ಪ್ಯಾನರ್ ಆದ್ದರಿಂದ ಬೋಲ್ಟಿನ ತಲೆಯನ್ನು ಮಾತ್ರ ಆ ಅಳತೆಗೆ ಮಾಡಿದರು. ಅಂದರೆ ದೇಹ ಫ್ರೆಂಚ್, ತಲೆ ಇಂಗ್ಲಿಷ್. ನನ್ನ ಬೋಲ್ಟಿನ ವ್ಯಾಸ 8 ಮಿ.ಮೀ., ಪಿಚ್ (ಎರಡು ಏಣುಗಳ ನಡುವಿನ ಅಂತರ) 1.0 ಮಿ.ಮೀ. 5/16 ಇಂಚೆಂದರೆ 7.94 ಮಿ.ಮೀ.; ಯುಎನ್‌ಎಫ್‌ನಲ್ಲಿ ಇಂಚಿಗೆ 24 ಸುತ್ತು, ಅಂದರೆ ಪಿಚ್ ಸುಮಾರು 1.06 ಮಿ.ಮೀ. ಸುತ್ತಿಗೆ 0.06ರಷ್ಟೇ ವ್ಯತ್ಯಾಸವಾದ್ದರಿಂದ ಅದು ಮೊದಲು ಒಳಹೋಗಿ ಆಮೇಲೆ ಸಿಕ್ಕಿಕೊಳ್ಳುತ್ತದೆ. ಅಂಗಡಿಯಲ್ಲಿ ಕೇಳಿದೊಡನೆ ಸಿಗುವ 8 ಮಿ.ಮೀ. ಬೋಲ್ಟಿನ ಪಿಚ್ 1.25 ಆಗಿರುವುದರಿಂದ ಅದೂ ಪ್ರಯೋಜನವಿಲ್ಲ. ಮರುದಿನವೇ ಪಿಚ್ ಗೇಜ್ ಕೊಂಡೆ. ಹಾಳಾದ ತೂತಿಗೆ ಥ್ರೆಡ್ ಇನ್ಸರ್ಟ್ (ಹೊಸ ಥ್ರೆಡ್ ಇರುವ ಒಳತುಂಡು) ಹಾಕಿಸಿ, ಯೆಯ್ಯಾಡಿಯ ಲೇತ್ ಶಾಪೊಂದರಲ್ಲಿ ವಿಟ್‌ವರ್ತ್ ತಲೆಯ ಹನ್ನೆರಡು ಬೋಲ್ಟುಗಳನ್ನು ಕಡೆಸಿದೆ. ಅವುಗಳಲ್ಲಿ ಐದು ಇನ್ನೂ ಡಬ್ಬಿಯಲ್ಲಿವೆ.

ಮರದ ಕೆಲಸ ಇನ್ನೊಂದು ಕಥೆ. ಟಿಡಿಯ ಉಕ್ಕಿನ ತಗಡಿನ ಒಳಗೆ ಇರುವುದು ಮರದ ಚೌಕಟ್ಟು, ಅದೂ ಆಶ್ ಮರದ್ದು. ಆಶ್ ಚೆನ್ನಾಗಿ ಬಾಗುತ್ತದೆ, ಕುಲುಕಾಟ ತಡೆಯುತ್ತದೆ. ತೇವಕ್ಕೆ ಮಾತ್ರ ಬೇಗ ಕೊಳೆಯುತ್ತದೆ. ನನ್ನ ಕಾರಿನ ಬಾಗಿಲ ಕಂಬಗಳನ್ನು ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿದ್ದವು, ಒಂದರೊಳಗೆ ಒರಲೆ ಗೂಡು ಕಟ್ಟಿತ್ತು. ಮೂಲ ಮರವಲ್ಲದೆ ಬೇರೆ ಮರ ಹಾಕಿದರೆ ಕಾರಿನ ಮೌಲ್ಯವೇ ಹೋಯಿತು, ತಜ್ಞರಿಗೆ ಒಪ್ಪಿಸಿ ಎಂದು ಬಣ್ಣದ ಪತ್ರಿಕೆಗಳು ಒಂದೇ ದನಿಯಲ್ಲಿ ಹೇಳುತ್ತಿದ್ದವು. ಆ ತಜ್ಞರಿರುವುದು ಇಂಗ್ಲೆಂಡಿನಲ್ಲಿ. ನನಗೆ ಸಿಕ್ಕಿದ್ದು ಬೆಂಗರೆಯಲ್ಲಿ ದೋಣಿ ಕಟ್ಟುತ್ತಿದ್ದ ಆಚಾರ್ಯರು. ಅವರು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿ, "ಇದು ಗಾಡಿಯಾ, ದೋಣಿಯಾ ಮಾರಾಯ್ರೆ? ಒಳಗೆ ಪೂರಾ ಮರವೇ ಉಂಟಲ್ಲ" ಎಂದರು. ಆಶ್ ಇಲ್ಲಿ ಸಿಗುವುದಿಲ್ಲ ಆಚಾರ್ರೇ, ಏನು ಮಾಡುವುದು ಎಂದು ಕೇಳಿದೆ. "ಹೆಬ್ಬಲಸು ಹಾಕುವ. ಸಮುದ್ರದಲ್ಲಿ ನಿಲ್ಲುವ ಮರ ಶೆಡ್ಡಿನಲ್ಲಿ ನಿಲ್ಲುವುದಿಲ್ಲವಾ?"

ಒರಟು ಕಾಗದದ ಪತ್ರಿಕೆಯೊಂದರಲ್ಲಿ ಬಾಗಿಲ ಕಂಬದ ಜೋಡಣೆಯ ಅಳತೆಗಳಿದ್ದ ರೇಖಾಚಿತ್ರ ಇತ್ತು. ನಾನು ಅದನ್ನು ದೊಡ್ಡದಾಗಿ ಝೆರಾಕ್ಸ್ ಮಾಡಿಸಿ ಕೊಟ್ಟೆ. ಇಂಗ್ಲಿಷ್ ಓದಲು ಬಾರದ ಆಚಾರ್ಯರು ಅದರಲ್ಲೊಂದು ಕಡೆ ಅಳತೆ ತಾಳೆಯಾಗುವುದಿಲ್ಲವೆಂದು ಸೀಸದ ಕಡ್ಡಿಯಿಂದ ಗುರುತು ಹಾಕಿದರು, ಅದು ನಿಜವೂ ಆಗಿತ್ತು. ಕೊನೆಗೆ ದೋಣಿಗೆ ಬಳಿಯುವಂತೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮರಕ್ಕೆ ಬಳಿದೆವು. ಕೈಗವಸು ಹಾಕದೆ ಆ ಎಣ್ಣೆ ಮುಟ್ಟಬಾರದೆಂದು ಯಾವ ಪತ್ರಿಕೆಯೂ ನನಗೆ ಹೇಳಿರಲಿಲ್ಲ. ಅಂಗೈಯ ಚರ್ಮ ಸುಟ್ಟು ಸುಲಿದು ಹೋಯಿತು. ಹನ್ನೊಂದು ಮಳೆಗಾಲ ಕಳೆದಿದೆ, ಬಾಗಿಲು ಇಂದಿಗೂ ಒಂದೇ ಏಟಿಗೆ ಮುಚ್ಚುತ್ತದೆ.

ಎಂಜಿನ್ನಿಗೆ ಪೆಟ್ರೋಲು-ಗಾಳಿ ಬೆರೆಸಿ ಕೊಡುವ ಎಸ್‌ಯು ಕಾರ್ಬುರೇಟರುಗಳು ಎರಡಿದ್ದರೂ ಅಷ್ಟು ಕಾಡಲಿಲ್ಲ, ಏಕೆಂದರೆ ಹಳೆಯ ಅಂಬಾಸಿಡರಿನಲ್ಲಿ ಇದೇ ಜಾತಿಯದನ್ನು ಕಂಡಿದ್ದ ಮೇಸ್ತ್ರಿಗಳು ಮಂಗಳೂರಿನಲ್ಲಿ ಇನ್ನೂ ಇದ್ದಾರೆ. ಎಂಜಿನ್ ಓಡುತ್ತಿರುವಾಗ ಕಾರ್ಬುರೇಟರಿನೊಳಗಿನ ಪಿಸ್ಟನ್ನನ್ನು ಒಂದು ಮಿ.ಮೀ.ನಷ್ಟು ಎತ್ತಬೇಕು: ವೇಗ ಕ್ಷಣಮಾತ್ರ ಏರಿ ಮೊದಲಿನಂತಾದರೆ ಮಿಶ್ರಣ ಸರಿ, ಏರಿಯೇ ನಿಂತರೆ ಪೆಟ್ರೋಲು ಹೆಚ್ಚು, ಎಂಜಿನ್ ನಿಂತುಹೋದರೆ ಕಡಿಮೆ. ತೊಂದರೆ ಬಂದದ್ದು ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲ್ ಸೇರತೊಡಗಿದ ಮೇಲೆ. ಹಳೆಯ ರಬ್ಬರ್ ಪೈಪುಗಳು ಮೆತ್ತಗಾದವು, ಜೆಟ್ಟಿನ ಕಾರ್ಕ್ ಸೀಲುಗಳಿಂದ ಪೆಟ್ರೋಲು ಒಸರತೊಡಗಿತು. ಎಥೆನಾಲ್ ನೀರನ್ನು ಎಳೆದುಕೊಳ್ಳುವ ಗುಣದ್ದಾದ್ದರಿಂದ ನಮ್ಮ ಊರಿನ ತೇವದಲ್ಲಿ ಟ್ಯಾಂಕನ್ನು ತಿಂಗಳುಗಟ್ಟಲೆ ಹಾಗೇ ಬಿಡುವಂತೆಯೂ ಇಲ್ಲ. ಪೈಪುಗಳನ್ನು, ಸೀಲುಗಳನ್ನು ಎಥೆನಾಲ್ ತಡೆಯುವ ವಿಟಾನ್ ರಬ್ಬರಿಗೆ ಬದಲಿಸಿ, ಜೂನ್ ಬರುವ ಮೊದಲೇ ಟ್ಯಾಂಕ್ ಖಾಲಿ ಮಾಡುತ್ತೇನೆ.

ಇಷ್ಟೆಲ್ಲ ಆದಮೇಲೆ ಪತ್ರಿಕೆಗಳನ್ನು ತೂಗುವ ನನ್ನ ತಕ್ಕಡಿಯೂ ಬದಲಾಯಿತು. ಗೋಣಿಯಲ್ಲಿ ಬಂದವುಗಳಲ್ಲಿ ನಾನು ಎತ್ತರದಲ್ಲಿಡುವುದು ಮೋಟಾರ್ ಸ್ಪೋರ್ಟ್ ಪತ್ರಿಕೆಯನ್ನು. 1924ರಲ್ಲಿ ಬೇರೊಂದು ಹೆಸರಿನಲ್ಲಿ ಆರಂಭವಾದ ಆ ಪತ್ರಿಕೆಯನ್ನು ಬಿಲ್ ಬಾಡಿ 1936ರಿಂದ 1991ರವರೆಗೆ ಸಂಪಾದಿಸಿದರು. ಅದರ ವರದಿಗಾರ ಡೆನಿಸ್ ಜೆಂಕಿನ್ಸನ್ 1955ರ ಇಟಲಿಯ ಮಿಲ್ಲೆ ಮಿಲ್ಯಾ ಕಾರು ಓಟದಲ್ಲಿ ಚಾಲಕ ಸ್ಟರ್ಲಿಂಗ್ ಮಾಸ್‌ರ ಪಕ್ಕದಲ್ಲೇ ಕುಳಿತು, ಸುಮಾರು 1,600 ಕಿ.ಮೀ. ದಾರಿಯ ತಿರುವುಗಳನ್ನು ಕಾಗದದ ಸುರುಳಿಯಲ್ಲಿ ಬರೆದುಕೊಂಡು, ಕೈಸನ್ನೆಯಿಂದ ದಾರಿ ಹೇಳಿದವರು. ಅವರು ಮುಗಿಸಿದ್ದು 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ. ಅದನ್ನು ಕುರಿತು ಜೆಂಕಿನ್ಸನ್ ಬರೆದದ್ದರಲ್ಲಿ ನನಗೆ ಹಿಡಿಸಿದ್ದು ಸಾಹಸಕ್ಕಿಂತ ಹೆಚ್ಚಾಗಿ ಆ ಸುರುಳಿ ಹೇಗೆ ಕೆಲಸ ಮಾಡಿತು ಎಂಬ ವಿವರ. 1980ರಲ್ಲಿ ಬಂದ ಪ್ರಾಕ್ಟಿಕಲ್ ಕ್ಲಾಸಿಕ್ಸ್ ಕೈಗೆ ಗ್ರೀಸ್ ಹತ್ತಿಸಿಕೊಳ್ಳುವವರದು. ನಮ್ಮಲ್ಲಿ 1998ರ ಓವರ್‌ಡ್ರೈವ್, 1999ರ ಆಟೋಕಾರ್ ಇಂಡಿಯಾ ಬಂದಮೇಲೆ ಹೊಸ ಕಾರುಗಳನ್ನು ಅಳೆದು ಅಂಕಿ ಕೊಡುವ ಅಭ್ಯಾಸ ಬೇರೂರಿತು. ಆ ಶಿಸ್ತು ಹಳೆಯ ಕಾರಿನ ಬರವಣಿಗೆಗೆ ಅಷ್ಟಾಗಿ ಇಳಿದಿಲ್ಲ ಎಂಬುದು ನನ್ನ ಕೊರಗು. ಹಳೆಯ ಕಾರೆಂದರೆ ರ‍್ಯಾಲಿಯ ಫೋಟೋ, ಅಜ್ಜನ ನೆನಪು, ಹೊಳೆಯುವ ಕ್ರೋಮ್. ಅದನ್ನು ಇಟ್ಟುಕೊಂಡವನು ಬೋಲ್ಟ್ ಎಲ್ಲಿಂದ ತಂದ, ಎಷ್ಟು ಕೊಟ್ಟ, ಎಲ್ಲಿ ತಪ್ಪಿದ ಎಂಬುದು ಬರುವುದೇ ಇಲ್ಲ.

ಎರಡು ವರ್ಷಗಳ ಹಿಂದೆ, ಬೋಲ್ಟಿನ ಅಳತೆ, ಹೆಬ್ಬಲಸಿನ ಜೋಡಣೆ, ಸೀಲುಗಳ ವಿವರವನ್ನೆಲ್ಲ ನಾಲ್ಕು ಪುಟಗಳಲ್ಲಿ ಬರೆದು ಪತ್ರಿಕೆಯೊಂದಕ್ಕೆ ಕಳುಹಿಸಿದೆ. ಮರ್ಯಾದೆಯ ಉತ್ತರವೇ ಬಂತು: ಸೂರ್ಯಾಸ್ತದ ಹೊತ್ತಿಗೆ ಸಮುದ್ರದ ದಡದಲ್ಲಿ ಕಾರು ನಿಂತಿರುವ ಫೋಟೋ ಇದ್ದರೆ ಒಳ್ಳೆಯದು, ಬರಹವನ್ನು ಎರಡು ಪ್ಯಾರಾಕ್ಕೆ ಇಳಿಸಬಹುದೇ? ಉಪ್ಪುಗಾಳಿಗೆ ಹೆದರಿ ಹದಿನಾಲ್ಕು ವರ್ಷಗಳಿಂದ ಪಣಂಬೂರಿನ ಕಡೆಗೇ ಒಯ್ಯದ ಕಾರನ್ನು ಮರಳಿಗೆ ಇಳಿಸುವ ಮನಸ್ಸಾಗಲಿಲ್ಲ. ಆ ನಾಲ್ಕು ಪುಟಗಳ ಪ್ರತಿಯನ್ನು ಯೆಯ್ಯಾಡಿಯ ಲೇತ್ ಶಾಪಿಗೆ ಕೊಟ್ಟೆ. ಅವರು ಬೋಲ್ಟಿನ ಪುಟವೊಂದನ್ನು ಮಿಶಿನ್ನಿನ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದಾರೆ. ಎಣ್ಣೆಗೈ ತಾಗಿ ತಾಗಿ 'ಪಿಚ್ 1.0' ಎಂಬಲ್ಲಿ ಚುಕ್ಕೆ ಮಾಸಿ ಹತ್ತರಂತೆ ಕಾಣತೊಡಗಿದೆ. ಮುಂದಿನ ವಾರ ಹೋಗುವಾಗ ಹೊಸ ಪ್ರತಿ ಒಯ್ಯಬೇಕು.