ಸಹಿಗೆ ಮುನ್ನ: ಅಮ್ಮನಿಗೆ ಆಪರೇಷನ್ ಅರ್ಥ ಮಾಡಿಸುವುದು ಹೇಗೆ?

ಥಿಯೇಟರಿನ ಬಾಗಿಲಲ್ಲಿ, ಸ್ಟ್ರೆಚರ್ ಮೇಲೆ ಮಲಗಿದವರ ಬೆರಳಿಗೆ ಪೆನ್ನು ಸಿಕ್ಕಿಸಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದನ್ನು ನೋಡಿ ನೋಡಿ ಸಾಕಾಗಿದೆ. ಮನೆಯವರು ಸ್ವಲ್ಪ ಮುತುವರ್ಜಿ ವಹಿಸಿದರೆ ಇದು ತಪ್ಪುತ್ತದೆ. ಪಿತ್ತಕೋಶದ ಕಲ್ಲಿನ ಆಪರೇಷನ್ನನ್ನೇ ತೆಗೆದುಕೊಳ್ಳೋಣ.

1. ಪತ್ರವನ್ನು ಹಿಂದಿನ ದಿನವೇ ಕೇಳಿ ಪಡೆಯಿರಿ, ಅದೂ ಕನ್ನಡದ್ದನ್ನು. ಖಾಲಿ ಜಾಗ ತುಂಬುವ ತನಕ ಸಹಿ ಬೇಡ.

2. ವೈದ್ಯರು ವಿವರಿಸುವಾಗ ಅಮ್ಮನ ಕನ್ನಡಕ, ಶ್ರವಣ ಯಂತ್ರ ಜೊತೆಗಿರಲಿ. ಅನುಮತಿ ಕೇಳಿ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

3. ಎಲ್ಲರೂ ಎಡವುವುದು ಇಲ್ಲಿ. "ಅರ್ಥವಾಯಿತೇ?" ಎಂದು ಕೇಳಲೇಬೇಡಿ. ಡಾಕ್ಟರ ಎದುರು ಹಿರಿಯರು ಗೋಣು ಹಾಕುತ್ತಾರೆ, ಅವರು ಅತ್ತ ಹೋದೊಡನೆ "ಏನಂದರು?" ಎಂದು ಸೊಸೆಯನ್ನು ಕೇಳುತ್ತಾರೆ. ಬದಲಿಗೆ, "ಅಮ್ಮಾ, ನಾಳೆ ಏನು ಮಾಡುತ್ತಾರಂತೆ ಎಂದು ದೊಡ್ಡಮ್ಮ ಫೋನಿನಲ್ಲಿ ಕೇಳಿದರೆ ಏನು ಹೇಳುತ್ತೀಯ?" ಎನ್ನಿ. "ಕಲ್ಲು ತೆಗೆಯುತ್ತಾರೆ" ಎಂಬ ಉತ್ತರ ಬರುವುದೇ ಹೆಚ್ಚು. ತೆಗೆಯುವುದು ಕಲ್ಲನ್ನಷ್ಟೇ ಅಲ್ಲ, ಪಿತ್ತಕೋಶವನ್ನೇ. ಗದರದೆ ತಿದ್ದಿ: ಪಿತ್ತ ತಯಾರಾಗುವುದು ಯಕೃತ್ತಿನಲ್ಲಿ, ಈ ಕೋಶ ಅದನ್ನು ಕೂಡಿಡುವ ಚೀಲ ಮಾತ್ರ, ಅದಿಲ್ಲದೆಯೂ ಊಟ ಜೀರ್ಣವಾಗುತ್ತದೆ. ಮತ್ತೆ ಹೇಳಿಸಿ. ಅಷ್ಟು ಸರಿಹೋದ ಮೇಲೆ ಮುಂದಿನದು: ಸಣ್ಣ ರಂಧ್ರಗಳಿಂದ ಆಗದಿದ್ದರೆ ಹೊಟ್ಟೆ ಕೊಯ್ದು ಮಾಡಬೇಕಾಗಬಹುದು. ಇದನ್ನು ಮೊದಲೇ ತಿಳಿಯದವರು ಎಚ್ಚರವಾದಾಗ ಉದ್ದನೆಯ ಹೊಲಿಗೆ ಕಂಡು "ಏನೋ ಕೆಡಿಸಿಬಿಟ್ಟರು" ಎಂದು ಅಳುತ್ತಾರೆ. ಪಿತ್ತನಾಳಕ್ಕೆ ಪೆಟ್ಟಾಗುವ ಅಪರೂಪದ ಅಪಾಯವನ್ನೂ ಬಚ್ಚಿಡಬೇಡಿ. "ಹೆದರುತ್ತಾಳೆ, ಹೇಳಬೇಡಿ" ಎನ್ನುವ ಅಣ್ಣಂದಿರನ್ನು ಕಾಫಿ ತರಲು ಕಳುಹಿಸಿ. ಒಂದು ಸಲಕ್ಕೆ ಎರಡು ಮೂರು ವಿಷಯ ಸಾಕು.

ರಾತ್ರಿ ಯೂಟ್ಯೂಬಿನಲ್ಲಿ ಆಪರೇಷನ್ ವಿಡಿಯೊ ತೋರಿಸುವ ಅಡ್ಡದಾರಿ ಹಿಡಿಯಬೇಡಿ, ನೆನಪಿನಲ್ಲಿ ಉಳಿಯುವುದು ರಕ್ತವೊಂದೇ. ಕೆಲವು ಆಸ್ಪತ್ರೆಗಳ ಬಣ್ಣದ ಕರಪತ್ರವಂತೂ ಇನ್ನೂ ಕಡೆ. ಅರ್ಧ ಪುಟ ಕಟ್ಟಡದ ಫೋಟೊ!

4. ಹೇಳಿದ್ದನ್ನು ದೊಡ್ಡ ಅಕ್ಷರದಲ್ಲಿ ಒಂದೇ ಹಾಳೆಗೆ ಬರೆದು ದಿಂಬಿನ ಪಕ್ಕ ಇಡಿ. ಬೆಳಿಗ್ಗೆ ಇನ್ನೊಮ್ಮೆ ಹೇಳಿಸಿ.

5. ಸಹಿಯೋ ಹೆಬ್ಬೆಟ್ಟೋ, ಅಮ್ಮನದೇ ಆಗಬೇಕು. ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕರ ಪರವಾಗಿ ಮಗ ಒಪ್ಪಿಗೆ ಕೊಡುವಂತಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಪ್ರಕರಣವೊಂದರಲ್ಲಿ, ತಪಾಸಣೆಗೆಂದು ಅರಿವಳಿಕೆ ಪಡೆದಿದ್ದ ಮಹಿಳೆಯ ಗರ್ಭಕೋಶವನ್ನು ಹೊರಗಿದ್ದ ತಾಯಿಯ ಒಪ್ಪಿಗೆಯ ಮೇಲೆ ತೆಗೆಯಲಾಗಿತ್ತು. ಪ್ರಾಣಕ್ಕೇನೂ ತುರ್ತಿರಲಿಲ್ಲ, ಆ ಒಪ್ಪಿಗೆ ಸಲ್ಲದು ಎಂದಿತು ಕೋರ್ಟ್. ಸಹಿ ಹಾಕಿದ ಮೇಲೂ ಅಮ್ಮ ಬೇಡವೆನ್ನಬಹುದು. ಹಾಗೆಂದರೆ ನೀವೇ ಸಮಾಧಾನ ಹೇಳುತ್ತ ಕೂರದೆ ವೈದ್ಯರನ್ನು ಮತ್ತೆ ಕರೆಸಿ.