ಕುದ್ರುವಿಗೆ ರೆಸಾರ್ಟ್ ಬರುವ ಸುದ್ದಿ ಎದ್ದರೆ ಏನು ಮಾಡಬೇಕು?

ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಹೊಳೆ ಕುದ್ರುವಿರಲಿ (ಹೊಳೆ ನಡುವಿನ ದ್ವೀಪ), ತೆಂಕಲಾಗಿ ವಲಿಯಪರಂಬವಿರಲಿ, ರೆಸಾರ್ಟಿನ ಸುದ್ದಿ ಸಾಮಾನ್ಯವಾಗಿ ಮೊದಲು ಬರುವುದು ಜಾಗದ ದಲ್ಲಾಳಿಗಳ ಬಾಯಿಂದ. ಆಗಲೇ ಕೆಲಸ ಶುರುಮಾಡಿ. ವೇಂಬನಾಡು ಹಿನ್ನೀರಿನ ನೆಡಿಯತುರುತ್ತು ದ್ವೀಪದಲ್ಲಿ ರೆಸಾರ್ಟಿನಿಂದಾಗಿ ಬಲೆ ಹಾಕುವ ಜಾಗ ಕಳೆದುಕೊಂಡ ಮೀನುಗಾರರು ಕೋರ್ಟಿಗೆ ಹೋದರು. 2013ರಲ್ಲಿ ಹೈಕೋರ್ಟ್ ರೆಸಾರ್ಟ್ ಕೆಡವಲು ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕೆಡವಲು ತೊಡಗಿದ್ದು 2022ರಲ್ಲಿ. ಗೆದ್ದವರು ಅಷ್ಟು ವರ್ಷ ಕಾಯಬೇಕಾಯಿತು.

ಮೊದಲು, ಯಾವ ಕಾನೂನು ಎಂದು ತಿಳಿಯಿರಿ. ಕೇರಳದ 2005ರ ಪ್ರವಾಸೋದ್ಯಮ ಪ್ರದೇಶಗಳ ಸಂರಕ್ಷಣಾ ಕಾಯ್ದೆಯಡಿ ಸರಕಾರ ಒಂದು ಪ್ರದೇಶವನ್ನು ವಿಶೇಷ ಪ್ರವಾಸೋದ್ಯಮ ವಲಯವೆಂದು ಘೋಷಿಸಬಹುದು. ಅಂಥ ಪ್ರಸ್ತಾಪ ಇದೆಯೇ, ಯಾವ ಸರ್ವೆ ನಂಬರುಗಳು ಸೇರಿವೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.

ಎರಡನೆಯದು ಕರಾವಳಿ ನಿಯಂತ್ರಣ ವಲಯದ ನಿಯಮ. 2011ರ ಅಧಿಸೂಚನೆ ಹಿನ್ನೀರಿನ ದ್ವೀಪಗಳಿಗೆ ಭರತದ ಗೆರೆಯಿಂದ 50 ಮೀಟರ್ ಒಳಗೆ ಹೊಸದಾಗಿ ಕಟ್ಟಬಾರದೆಂದು ಇಟ್ಟಿತ್ತು. 2019ರದ್ದು ಅದನ್ನು 20ಕ್ಕೆ ಇಳಿಸಿತು. ಮನೆ ಕಟ್ಟಲಾಗದೆ ಒದ್ದಾಡಿದ ಕುದ್ರುವಿನ ಸಂಸಾರಗಳಿಗೆ ಇದು ನಿಜವಾದ ನೆಮ್ಮದಿ. ಆದರೆ ಹಣವಂತರಿಗೂ ಅದೇ ಬಾಗಿಲು ತೆರೆಯಿತು, ಅದು ನನಗೆ ಸರಿಕಾಣುವುದಿಲ್ಲ. ಸ್ಥಳೀಯರು ಮನೆಯ ಅಡಿಪಾಯ, ವಿನ್ಯಾಸ ಬದಲಿಸದೆ ಹೋಂಸ್ಟೇ ನಡೆಸಲು ಅವಕಾಶವಿದೆ ಎಂಬುದನ್ನು ಮರೆಯಬೇಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಕೆಲಸ: ನಿಮ್ಮ ಬದುಕನ್ನು ಕಾಗದಕ್ಕಿಳಿಸಿ. ದೋಣಿ ಕಟ್ಟುವ ಕಡವು, ಬಲೆ ಒಣಗಿಸುವ ಜಾಗ, ಮರುವಾಯಿ (ಚಿಪ್ಪುಮೀನು) ಹೆಕ್ಕುವ ದಿಬ್ಬ, ಕಲ್ಲುಮ್ಮಕಾಯಿ (ಕಲ್ಲಿಗಂಟುವ ಚಿಪ್ಪುಮೀನು) ಬೆಳೆಸಲು ಹಗ್ಗ ಇಳಿಬಿಡುವ ನೀರು, ಕುಡಿಯುವ ನೀರಿನ ಬಾವಿ, ದೈವಸ್ಥಾನಕ್ಕೆ ಹೋಗುವ ದಾರಿ, ಎಲ್ಲವನ್ನೂ ನಕ್ಷೆಯಲ್ಲಿ ಗುರುತಿಸಿ. ಇವುಗಳಲ್ಲಿ ಹಲವಕ್ಕೆ ಪಟ್ಟೆ (ಜಾಗದ ಹಕ್ಕುಪತ್ರ) ಇರುವುದಿಲ್ಲ. ಹಾಗಾಗಿ ಯೋಜನೆಯ ನಕ್ಷೆಯಲ್ಲಿ ಅವು ಖಾಲಿ ಜಾಗವಾಗಿಯೇ ಕಾಣುತ್ತವೆ. ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಬರೆಯಿರಿ. ಬೇಸಗೆಯಲ್ಲಿ ಯಾವ ಬಾವಿ ಮೊದಲು ಉಪ್ಪಾಗುತ್ತದೆ ಎಂದು ಅವರಿಗೆ ಗೊತ್ತು. ಫೋಟೋಗಳಿಗೆ ತಾರೀಕು ಹಾಕಿ.

ಈ ನಕ್ಷೆಯನ್ನು ವಾರ್ಡಿನ ಗ್ರಾಮಸಭೆಯಲ್ಲಿ ಮಂಡಿಸಿ, ನಿರ್ಣಯ ಪುಸ್ತಕದಲ್ಲಿ ಬರೆಸಿ, ಪ್ರತಿ ಪಡೆಯಿರಿ. ಬಳಿಕ ವಿದ್ಯಾನಗರದ ಜಿಲ್ಲಾಧಿಕಾರಿ ಕಚೇರಿಗೆ ಮನವಿ ಕೊಡಿ. ಕರಾವಳಿ ನಿಯಮದ ಜಿಲ್ಲಾ ಸಮಿತಿಗೆ ಅಧ್ಯಕ್ಷರು ಜಿಲ್ಲಾಧಿಕಾರಿಯೇ, ಅದರಲ್ಲಿ ಸಾಂಪ್ರದಾಯಿಕ ಕರಾವಳಿ ಸಮುದಾಯದ ಕನಿಷ್ಠ ಮೂವರು ಇರಬೇಕು. ಆ ಮೂವರು ಯಾರೆಂದು ಕೇಳಿ, ಹೋಗಿ ಭೇಟಿಯಾಗಿ.

ಮನವಿ ಕನ್ನಡದಲ್ಲೇ ಇರಲಿ. ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ. ಮಲಯಾಳದಲ್ಲಿ ತನ್ನಿ ಎಂದರೆ ವಿಧಿಯ ಸಂಖ್ಯೆ ಬರೆದು ಕೊಟ್ಟು, ಸ್ವೀಕೃತಿ ರಶೀದಿ ಪಡೆದೇ ಹೊರಬನ್ನಿ. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದೊಳಗೆ ಉತ್ತರ ಬಾರದಿದ್ದರೆ, ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.